ಏಳನೇ ನಂಬರಿನ ಹಳದಿ ವ್ಯಾನು

ರಾತ್ರಿ ಹತ್ತಕ್ಕೆ ಇಲ್ಲಿ ಕಾನೂನೇ ದೀಪ ಆರಿಸುತ್ತದೆ.
ಸೋಲ್ ನಗರದ ದೇಚಿ ಬಡಾವಣೆಯ ಇಳಿಜಾರಿನಲ್ಲಿ
ಟ್ಯೂಷನ್ ಮಹಡಿಗಳು ಒಂದೊಂದಾಗಿ ಕಣ್ಣು ಮುಚ್ಚುತ್ತವೆ,
ಮೆಟ್ಟಿಲ ಬಾಯಿಂದ ಮಕ್ಕಳು ಸುರಿಯುತ್ತಾರೆ
ಚಕ್ರದ ಚೀಲ ಎಳೆದುಕೊಂಡು,
ವಿಮಾನ ತಪ್ಪಿಸಿಕೊಂಡ ಪುಟ್ಟ ಗುಮಾಸ್ತರ ಹಾಗೆ.

ನನ್ನದು ಏಳನೇ ನಂಬರಿನ ಹಳದಿ ವ್ಯಾನು.
ಹದಿಮೂರು ಸೀಟು, ಹದಿಮೂರು ಬೆಲ್ಟು;
ಎದೆಗೆ ಬರಬೇಕಾದ್ದು ಕುತ್ತಿಗೆಗೆ ಬರುತ್ತದೆ.
ಉಜ್ಜದಿರಲೆಂದು ನನ್ನ ಹೆಂಡತಿ
ಹಳೆಯ ಉಣ್ಣೆ ಸಾಕ್ಸು ಕತ್ತರಿಸಿ ಹೊಲಿದುಕೊಟ್ಟಿದ್ದಾಳೆ.

ಐದನೇ ಮಹಡಿಯ ಬೋರ್ಡು:
ವೈದ್ಯಕೀಯ ವಿಭಾಗ, ಮೂರನೇ ತರಗತಿಯಿಂದ.
ಆ ಕ್ಲಾಸು ಸೇರಲು ಒಂದು ಪರೀಕ್ಷೆ,
ಆ ಪರೀಕ್ಷೆಗೆ ಎದುರು ಕಟ್ಟಡದಲ್ಲಿ ಇನ್ನೊಂದು ಕ್ಲಾಸು.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ;
ಇಲ್ಲಿ ಹೊಲಿಸುವುದು ಬಿಳಿ ಕೋಟು,
ತೋಳು ಮಡಚಿ, ಮತ್ತೆ ಮಡಚಿ,
ಒಂಬತ್ತು ವರ್ಷದ ಮೈಗೆ.

ನಗಬೇಡಿ. ನಾನೂ ನಗುವುದಿಲ್ಲ.
ಕೊಜೆ ದ್ವೀಪದ ಹಡಗು ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿ
ಒಂದು ಬೆಳಿಗ್ಗೆ ಗೋಡೆಯ ಪಟ್ಟಿಯಲ್ಲಿ ನನ್ನ ಹೆಸರು ಓದಿದವನು.
ಡಾಕ್ಟರ ಹೆಸರನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ
ಎನ್ನುತ್ತಾರೆ ತಾಯಂದಿರು. ಸರಿಯೇ ಇರಬೇಕು.

ಗ್ಯುವೊನ್ ಕೂರುವುದು ನನ್ನ ಬೆನ್ನ ಹಿಂದೆ.
ತೊಡೆಯ ಮೇಲೆ ಪುಸ್ತಕ,
ಹದಿನೇಳರ ಅಣ್ಣಂದಿರು ಬಿಡಿಸುವ ಲೆಕ್ಕ.
ಒಂದು ಕೆಂಪು ಸಿಗ್ನಲ್ಲಿಗೆ ಒಂದು;
ಬೇಗ ಹಸಿರಾದರೆ ನನ್ನನ್ನೇ ಬೈಯುತ್ತಾನೆ.
ಡಾಕ್ಟರಾದ ಮೇಲೆ ಏನು ಮಾಡುತ್ತೀಯೋ ಎಂದೆ ಒಂದು ಸಲ.
"ಮೊದಲು ನಿದ್ದೆ."
ರಕ್ತ ಕಂಡರೆ ಅವನಿಗೆ ಭಯ.
ಅದು ನಮ್ಮಿಬ್ಬರಲ್ಲೇ ಇರಲಿ.

ಕಳೆದ ಗುರುವಾರ, ತಾನ್ ಹೊಳೆಯ ಸೇತುವೆ ಮೇಲೆ,
"ಅಜ್ಜಾ, ಬಿತ್ತು" ಎಂದ.
ಅಂಗೈಯಲ್ಲಿ ಹಾಲುಹಲ್ಲು, ತುಟಿಗೆ ಒಂದೆಳೆ ಕೆಂಪು.
ಅವನಿಗೆ ಕಾಣದ ಹಾಗೆ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ.
ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.
ಹಲ್ಲನ್ನು ರಬ್ಬರಿನ ಡಬ್ಬಿಗೆ ಹಾಕಿ
ಲೆಕ್ಕ ಮುಗಿಸಿದ. ಉತ್ತರ ಸರಿಬಂತಂತೆ.

ಆಮೇಲೆ ಕೇಳಿದ:
ಬಿದ್ದ ಹಲ್ಲನ್ನು ಸೂರಿನ ಮೇಲೆ ಎಸೆದರೆ
ಕಪ್ಪುಬಿಳಿಯ ಕಾಚಿಹಕ್ಕಿ ಒಯ್ದು ಹೊಸದು ತರುತ್ತದಂತೆ, ಹೌದಾ?
ಅವನ ಮನೆ ಇಪ್ಪತ್ತಮೂರನೇ ಮಹಡಿ.
ಅದರ ಮೇಲೆ ಹನ್ನೆರಡು ಮನೆ,
ಅವುಗಳ ಮೇಲೆ ಬೀಗ.

ಗೇಟಿನ ಹತ್ತಿರ ವ್ಯಾನು ನಿಲ್ಲಿಸಿ ಅವನನ್ನೆತ್ತಿದೆ.
ಮೊಣಕಾಲು ಕಟಕ್ಕೆಂದಿತು.
"ನೋವಾ?"
ಹೂಂ.
"ಎಲ್ಲಿ?"
ಒಳಗೆ.
"ಆ ಪಾಠ ನಮಗಿನ್ನೂ ಬಂದಿಲ್ಲ. ಈಗ ಬರೀ ಗಣಿತ"
ಎಂದು ಗಂಭೀರವಾಗಿ ಹೇಳಿ, ಗಾಳಿಯಲ್ಲಿ ಕಾಲಾಡಿಸುತ್ತಲೇ
ಎಸೆದ. ವ್ಯಾನಿನ ಸೂರಿನ ಮೇಲೆ
ಟಕ್ಕೆಂದು ಬಿದ್ದು ಸ್ವಲ್ಪ ಉರುಳಿತು.
ತಾಯಿ ಗಡಿಯಾರ ನೋಡಿಕೊಂಡು ನಿಂತಿದ್ದಳು.

ಶುಕ್ರವಾರ ವ್ಯಾನು ತೊಳೆಯುವ ದಿನ.
ಗಾಜು ತೊಳೆದೆ, ಚಕ್ರ ತೊಳೆದೆ,
ಏಣಿ ಮಾತ್ರ ತರಲಿಲ್ಲ.
ಇದೆಯೋ, ಯಾವ ತಿರುವಿನಲ್ಲಿ ಜಾರಿತೋ.
ಮಧ್ಯಾಹ್ನ ಹೊರಡುವಾಗ ಗಿಂಕೊ ಮರದಿಂದ ಏನೋ ಇಳಿದು
ತಲೆಯ ಮೇಲಿನ ತಗಡನ್ನು ಗೀರಿತು.
ಎಂಜಿನ್ ಶುರು ಮಾಡದೆ ಕೂತೆ.
ಎರಡು ನಿಮಿಷ ತಡ.
ಆಫೀಸಿನವರು ಬರೆದುಕೊಂಡರು.