ಬುಡಕ್ಕ ಹಿಡೀಬೇಕು

ಉದ್ಯಮಬಾಗದ ಫೌಂಡ್ರಿಯೊಳಗ ಮೂವತ್ತೊಂದು ವರ್ಷ
ಬೆಂಕಿಗೆ ಉಣಿಸಿದವ ನಾನು.
ಕೋಕ್ ಎಷ್ಟು, ಸುಣ್ಣದಕಲ್ಲು ಎಷ್ಟು,
ಕಬ್ಬಿಣ ಯಾವಾಗ ಕೇಸರಿ ಬಿಟ್ಟು ಬೆಳ್ಳಗಾಗತೈತಿ
ಕಣ್ಣಳತಿಲೇ ಹೇಳತಿದ್ದೆ.
ಆರಸೂದು ಮಾತ್ರ
ಯಾರೂ ಕಲಿಸಿರಲಿಲ್ಲ.

ಈಗ ಖಡೇಬಜಾರದಾಗ, ತವನಪ್ಪನ ಅಂಗಡಿ ಕಟ್ಟಿ ಮುಂದ,
ಹೆಲ್ಮೆಟ್ಟು, ಕೈಗೌಸು, ಗಮ್‌ಬೂಟಿನ ನಡುವ
ಗಿರಾಕಿಯಾಗಿ ನಿಂತೀನಿ.
ಗಲ್ಲೆದ ಮ್ಯಾಲ ಅವನ ಮಗಳು ತ್ರಿಶಲಾ.
'ಕಾಕಾ, ಎಂಥಾ ಬೆಂಕಿಗೆ ಬೇಕ್ರಿ?'
ಎಂಥಾ ಬದನಿಕಾಯಿ ಬೇಕು ಅಂದಂಗ ಕೇಳಿದ್ಳು.

ನಗು ಬಂತು. ನನ್ನ ಕೇಳತಾಳಲ್ಲ!
ಅಂಗಿ ತೋಳು ಏರಿಸಿ
ಸಿಡಿದ ಲೋಹದ ಚುಕ್ಕಿ ತೋರಸಬೇಕನಿಸಿತು.
ಏರಿಸಲಿಲ್ಲ.
'ಗಾಡಿಗೆ' ಅಂದೆ. 'ಹಳೇ ವ್ಯಾಗನಾರ್, ಗ್ಯಾಸ್ ಕಿಟ್ ಐತಿ.
ಹಿಂಡಲಗಾ ರೋಡಿನ್ಯಾಗ ಒಂದು ಗಾಡಿ ಸುಡೂದ
ನಮ್ಮಾಕಿ ನೋಡ್ಯಾಳ.
ಅವತ್ತಿನಿಂದ ಮುಂದಿನ ಸೀಟಿಗೆ ಕುಂತ್ರ
ಬಾಗಲದ ಹಿಡಿಕಿ ಬಿಡವಲ್ಲಳು.'

ಸ್ಟೂಲ್ ಹತ್ತಿ ಮೂರು ಇಳಿಸಿದ್ಳು.
'ಇದು ಗಾಳಿದು, ಭಾಳ ವಜ್ಜಿ.
ಇದು ಪುಡಿದು. ಸೀಟಿನ ಅರಿವಿ ಸುಟ್ರೂ ನಡೀತೈತಿ,
ಪೆಟ್ರೋಲಿಗೂ, ಗ್ಯಾಸಿಗೂ, ವಾಯರಿಗೂ.
ಈ ಥಳಥಳ ಡಬ್ಬಿ ನೋಡ್ರಿ,
ಸೆಂಟಿನ ಬಾಟ್ಲಿ ಇದ್ದಂಗ ಐತಿ.
ಮಾರಾಕ ಇಟ್ಟೀನಿ ಖರೆ, ನಿಮಗ ಕೊಡೂದಿಲ್ಲ.'

'ಪುಡಿದ ಇರ್ಲಿ. ಒಂದು ಕೆಜಿದು ಸಾಕಲ್ಲ?'
'ಎಂಟು ಸೆಕೆಂಡು ಹೊಡೀತೈತ್ರಿ.'

ಎಂಟು ಸೆಕೆಂಡು.
ಒಂದು ಲ್ಯಾಡಲ್ ಬಾಗಿಸೂದಕ್ಕೂ ಸಾಲದು.

'ಬಾನೆಟ್ ಪೂರಾ ಎತ್ತಬ್ಯಾಡ್ರಿ, ಬೆಂಕಿ ಉಸಿರು ಎಳಕೋತೈತಿ.
ನಾಕು ಬೆರಳ ಸಂದಿ ಸಾಕು.
ಮ್ಯಾಲ ಕುಣಿಯೂ ತುದಿಗೆ ಹೊಡೀಬ್ಯಾಡ್ರಿ,
ಬುಡಕ್ಕ ಹಿಡೀಬೇಕು.
ಹಿಂದ ಗ್ಯಾಸಿನ ಟಾಕಿ ಕಡೆ ಹತ್ತಿತ್ತಂದ್ರ
ಇದನ್ನ ಅಲ್ಲೇ ಒಗದು ಓಡ್ರಿ.
ರೊಕ್ಕಾ ನೆನಸ್ಕೊಂಡು ನಿಂದರಬ್ಯಾಡ್ರಿ.'

ಫೌಂಡ್ರಿಯೊಳಗೂ ಇದ್ವು ಗ್ವಾಡಿಗೆ ನಾಕು ಕೆಂಪು ಬಕೆಟ್,
ತುಂಬ ಉಸುಕು.
ನಾವ ಅದರಾಗ ಬೀಡಿ ಚುಚ್ಚತಿದ್ವಿ,
ಎಲಿ ಅಡಿಕಿ ಉಗುಳತಿದ್ವಿ.
ಎಣ್ಣಿ ಪೈಪ್ ಒಡದ ರಾತ್ರಿ ರಾಯಪ್ಪ ಓಡಿಹೋಗಿ
ಬಕೆಟ್ ಬೋರಲ ಹಿಡಿದ.
ಏನೂ ಬೀಳಲಿಲ್ಲ.
ಮತ್ತ ಝಾಡಿಸಿದ.
ಉಸುಕು ಕಲ್ಲಾಗಿತ್ತು.

ರಾಯಪ್ಪಗ ಈಗ ಎಡಗಿವಿ ಇಲ್ಲ.
ಮದಿವಿ ಮನಿಯಾಗ ಸಿಕ್ರ ಬಲಕ್ಕ ಕುಂತು ಮಾತಾಡತೀನಿ,
ಮಳಿ, ಬೆಳಗಾವಿ ಟ್ರಾಫಿಕ್ಕು, ಮೊಮ್ಮಕ್ಕಳು.
ಆ ಬಕೆಟ್ಟಿನ್ಯಾಗ ಯಾರ ಉಗುಳು ಎಷ್ಟಿತ್ತಂತ
ಅವ ಕೇಳಿಲ್ಲ.

'ಇದೂ ಕಲ್ಲಾಗತೈತೇನವಾ?'
ಹುಡುಗಿ ಬಿಲ್ ಬರಿಯೂದ ಬಿಟ್ಟು
ಮೊದಲ ಸಲ ನನ್ನ ಮಾರಿ ನೋಡಿದ್ಳು.
'ಆಗತೈತ್ರಿ. ಗಾಡಿ ಅಳ್ಳಾಟಕ್ಕ ಪುಡಿ ತಳಕ್ಕ ಗಟ್ಟಿ ಕೂಡತೈತಿ.
ತಿಂಗಳಿಗೊಮ್ಮೆ ಬೋರಲ ಮಾಡಿ ಝಾಡಿಸ್ರಿ,
ಕಿವಿ ಹಚ್ಚಿ ಕೇಳ್ರಿ.
ಮುಳ್ಳು ಹಸರಿನ್ಯಾಗ ಐತಿ ಅಂತ ನಂಬಿ ಕುಂದರಬ್ಯಾಡ್ರಿ.'

ಎರಡು ಕೆಜಿದ ತಗೊಂಡೆ.
ಚೌಕಾಶಿ ಮಾಡಲಿಲ್ಲ.
ಮನಿಯಾಗ ಮಾತ್ರ, ನೂರು ಬಿಡಿಸೀನಿ ಅಂತ ಸುಳ್ಳು ಹೇಳಿದೆ.

ಡಿಕ್ಕಿಯೊಳಗ ಇಡು ಅಂದ ಮಗ, ಕಾಲಿಗೆ ಬಡೀತೈತಂತ.
ಕೈಗೆ ಸಿಗದ ಜಾಗಾದಾಗ ಇಟ್ರ ಅದೂ ಗ್ವಾಡಿ ಮ್ಯಾಗಿನ ಬಕೆಟ್ಟು.
ಸೀಟಿನ ಕೆಳಗ ಪಟ್ಟಿ ಬಿಗಿದು ಕೂಡಿಸಿದೆ.

ಅಮಾಸಿ ದಿನ ಗಾಡಿ ತೊಳದು,
ಗಾಲಿಗೆ ನಾಕು ಲಿಂಬಿಹಣ್ಣು, ಮುಂದ ಮೆಣಸಿನಕಾಯಿ ಸರ,
ಸ್ಟೇರಿಂಗಿಗೆ ಇಭೂತಿ.
ಆಮ್ಯಾಲ ನಮ್ಮಾಕಿ ಸೊಂಟ ಬಾಗಿಸಿ
ಸೀಟಿನ ಕೆಳಗೂ ಕೈ ಹಾಕಿ
ಕೆಂಪು ಹೊಟ್ಟಿಗೆ ಮೂರು ಬಟ್ಟು ಎಳದ್ಳು;
ಕುಂಕುಮ ಹಚ್ಚಿದ್ದು ಸರಿಯಾಗಿ ಮುಳ್ಳಿನ ಗಾಜಿನ ಮ್ಯಾಲ.

ಬೈಲಿಲ್ಲ.
ಕಿರಿಬೆರಳಲೇ ಕುಂಕುಮಾನ ಒಂದಿಷ್ಟು ಕೆಳಗ ಸರಿಸಿದೆ.
ಹಸರು ಕಂಡಿತು.
ಪಟ್ಟಿ ಬಿಚ್ಚಿ, ಬೋರಲ ಹಿಡಿದು ಝಾಡಿಸಿ,
ಎಡಗಿವಿಗೆ ಹಚ್ಚಿ ಕೇಳಿದೆ:
ಸರ್ರ್, ಅಚ್ಚಿನ ಮಳಲು ಜಾರಿದಂಗ.

'ಏನಂತೈತಿ?'
'ಸಡಲ ಐತಿ' ಅಂದೆ.

ಲಿಂಬಿಹಣ್ಣು ಚಟ್ಟಂತ ಒಡದು ಹೊರಟ್ವಿ.
ಹಿಂಡಲಗಾ ದಾಟೂತನಕ ಓರೆಗಣ್ಣಿಲೇ ನೋಡಿದೆ,
ಆಕಿ ಹಿಡಿಕಿ ಬಿಡಲಿಲ್ಲ.
ಹಿಡಕೊಳ್ಳಲಿ.
ಬಾಗಲಾ ಹ್ಯಾಂಗ ತೆಗೀತಾರಂತ
ಕೈಗೆ ನೆನಪಿರ್ಲಿ.