ಕುರಿಯೋ ಆಡೋ

ಎಂಟನೇ ಚೀಲ ಬಿಚ್ಚಿದೆ.
ಖಂದಕ ಎರಡು, ಪದರ ಐದು,
ಪೆನ್ಸಿಲ್ಲಿನ ಅಕ್ಷರ ಅಗೆದವನ ಬೆವರಿಗೆ ಅರ್ಧ ಅಳಿಸಿದೆ.
ಮೇಜಿಗೆ ಹಳೇ ಮರಾಠಿ ಪೇಪರು ಹಾಸಿ
ಒಂದೊಂದೇ ಎಲುಬು ಸಾಲಿಗೆ ಇಡುತ್ತೇನೆ.
ಮೂರು ಸಾವಿರ ವರ್ಷದ ಹಿಂದೆ
ಯಾರೋ ಉಂಡು ಬಿಸಾಕಿದ್ದು.
ಅವರ ಊಟ ಮುಗಿಯಿತು,
ನನ್ನ ಪ್ರಬಂಧ ಮುಗಿದಿಲ್ಲ.

ಶಿರೋಡ್ಕರ್ ಮೇಡಂ ಕನ್ನಡಕ ಹಣೆಗೇರಿಸಿ
ಮೊಣಕಾಲಿನ ತುಂಡೊಂದನ್ನು ಕಿಟಕಿಗೆ ಹಿಡಿಯುತ್ತಾರೆ:
ಕುರಿಯೋ, ಆಡೋ?
ಅಂಚು ಚೂಪಾದರೆ ಇದು, ಮೊಂಡಾದರೆ ಅದು
ಎನ್ನುತ್ತದೆ ಪುಸ್ತಕ.
ಎಲುಬು ಒಪ್ಪುವುದಿಲ್ಲ.
ನಮೂನೆಯಲ್ಲಿ ಮೂರನೆಯದೊಂದು ಕಲಂ ಇದೆ,
'ಕುರಿ ಅಥವಾ ಆಡು'.
ಈ ತಿಂಗಳು ಅದೇ ತುಂಬಿಹೋಗಿದೆ.

ನನಗಾದರೂ ಗೊತ್ತಾಗಬೇಕಿತ್ತು.
ಮರಿಗಳ ಕೊರಳು ಹಿಡಿದು ನಡೆಯಲು ಕಲಿತವನು.
ಮೇಡಂಗೆ ಹೇಳಿಲ್ಲ.
ಹೇಳಿದರೆ ಮುಂದಿನ ಸೆಮಿನಾರಿನಲ್ಲಿ
ನಾನೂ ಒಂದು ಸ್ಲೈಡು.

ಮಧ್ಯಾಹ್ನ ಡಬ್ಬಿ. ನಾಲ್ಕು ಪೋಳಿ, ಬಟಾಟೆ.
ಪೋಳಿ ಎಂದಾಗ ಮೊದಲ ದಿನ
ಮಡಿಕೆ ಬಿಚ್ಚಿ ಹೂರಣ ಹುಡುಕಿದ್ದೆ.
ಈಗ ಸುಲಭಾತಾಯಿಗೆ ಐದು ತಿಂಗಳ ಬಾಕಿ.
"ತಾಯಿ, ಇನ್ನೊಂದು ವಾರ" ಅನ್ನುವಾಗ
ಕಿವಿಗಿಟ್ಟ ಫೋನಿನೊಳಗಿಂದ ಅವ್ವ,
"ಯಾರಿಗಲೇ ತಾಯಿ ಅನ್ನಾಕತ್ತಿ?"
ಇಲ್ಲಿ ತಾಯಿ ಅಂದ್ರ ಅಕ್ಕ, ಅವ್ವಾ.
"ಹಂಗಾರ ಅವ್ವಗ?"
ಆಯಿ.
ಆಕಡೆ ಗಂಟೆ ಸದ್ದು, ನಾಯಿ, ಗಾಳಿ.
ನಮ್ಮಲ್ಲಿ ಆಯಿ ಅಂದರೆ ಅವ್ವನ ಅವ್ವ.
"ಎಲ್ಲಾರನ್ನೂ ಒಂದೊಂದು ಮೆಟ್ಟಲ
ಕೆಳಗ ಇಳಿಸ್ಯಾರ ನೋಡು" ಅಂದಳು.

ಫೆಲೋಶಿಪ್ಪಿನ ಫಾರಮ್ಮು ವಾಪಸು ಬಂದಿದೆ.
ಶಾಶ್ವತ ವಿಳಾಸ ಅಪೂರ್ಣವಂತೆ.
ಮಸ್ಕಿ ತಾಲೂಕು, ಊರಿನ ಹೆಸರು, ಇಷ್ಟು ಬರೆದಿದ್ದೆ.
ಮನೆಗೆ ನಂಬರಿಲ್ಲ. ಇದ್ದರೂ ಬೀಗ,
ದೀಪಾವಳಿಯಿಂದ ಮುಂಗಾರಿನ ತನಕ.
ಈ ವಾರ ಯಾರ ಹೊಲದಲ್ಲಿ ಹಟ್ಟಿಯೋ
ಅಪ್ಪನಿಗೇ ಸೋಮವಾರದವರೆಗೆ ಗೊತ್ತಿರುವುದಿಲ್ಲ.
ಊರಿಂದ ಎಷ್ಟು ದೂರ ಬಂದೆವೆಂದು
ಪಾನಿನಂಗಡಿ ಮುಂದೆ ಹಾಸ್ಟೆಲಿನ ಹುಡುಗರು ಮರುಗುವಾಗ
ನಾನು ಸುಮ್ಮನಿರುತ್ತೇನೆ.
ಮೂರು ವರ್ಷ ಒಂದೇ ಮಂಚದಲ್ಲಿ ಮಲಗಿದವನು
ನಮ್ಮ ವಂಶದಲ್ಲಿ ನಾನೇ ಮೊದಲು.

ಅಪ್ಪನನ್ನು ಕೇಳಿದೆ ಒಮ್ಮೆ,
ಎಲುಬು ನೋಡಿ ಹೇಳೂದು ಹ್ಯಾಂಗ?
ಕೆಮ್ಮು ಬರುವಷ್ಟು ನಕ್ಕ.
"ಎಲುಬು ಯಾಕ ನೋಡ್ತಿ? ಬಾಲ ನೋಡು.
ಎತ್ತಿದ್ರ ಆಡು, ಇಳೇ ಬಿಟ್ರ ಕುರಿ."
ನನ್ನ ಚೀಲಗಳಲ್ಲಿ ಬಾಲ ಎತ್ತುವವರು ಯಾರೂ ಇಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ
ವಿಶ್ರಾಂತವಾಡಿಯ ಸಿಗ್ನಲ್ಲಿನಲ್ಲಿ ಬಸ್ಸುಗಳು ಬೊಬ್ಬೆ ಹೊಡೆಯುತ್ತಿದ್ದವು.
ನಡುರಸ್ತೆಯಲ್ಲಿ ಇನ್ನೂರು ಕುರಿ.
ಕೆಂಪು ರುಮಾಲಿನ ಧನಗರ.
ಹಿಂದೆ ಕುದುರೆ ಮೇಲೆ ಬೋಗುಣಿ, ಎರಡು ಕೋಳಿ, ಒಂದು ಕೂಸು.
ಚಹಾದ ಗ್ಲಾಸು ಕಟ್ಟೆಗಿಟ್ಟು
ನಾಲಿಗೆ ಮೇಲಕ್ಕೆ ಮಡಚಿ ಅಪ್ಪನ ಆ ಸದ್ದು ಮಾಡಿದೆ.
ಬಾಯಿ ಮರೆತಿರಲಿಲ್ಲ.
ಒಂದು ಕುರಿಯೂ ತಿರುಗಿ ನೋಡಲಿಲ್ಲ.
ಧನಗರ ನೋಡಿದ.
"ಕುಠಲಾ ರೇ?"
ಎಲ್ಲಿಯವನೋ?
ಕೈಯೆತ್ತಿ ಒಂದು ದಿಕ್ಕಿಗೆ ತೋರಿಸಿದೆ.
ಆ ಕಡೆ ಇದ್ದದ್ದು ವಿಮಾನ ನಿಲ್ದಾಣ.
ಆದರೂ ಆತ
ಪೂರ್ತಿ ವಿಳಾಸ ಸಿಕ್ಕವನ ಹಾಗೆ ತಲೆಯಾಡಿಸಿದ.

ಹಸಿರು ಬಿತ್ತು. ಧೂಳು, ಹಿಕ್ಕೆ, ಹಾರ್ನು.
ನಾನು ಬಾಲ ಎಣಿಸುತ್ತ ನಿಂತೆ,
ಕೆಳಗೆ, ಕೆಳಗೆ, ಎಲ್ಲ ಕೆಳಗೆ,
ಕಟ್ಟಕಡೆಗೆ ಎರಡು ಮಾತ್ರ ಮೇಲೆ.
ಚಹಾ ಆರಿತ್ತು.
ಅಂಗಡಿಯವನು ಉದ್ರಿ ವಹಿಯಲ್ಲಿ
ನನ್ನ ಹೆಸರಿನ ಮುಂದೆ
ಇನ್ನೊಂದು ಗೀಟು ಎಳೆದ.