ಹನ್ನೆರಡು ಸೆಂಟ್ಸಿನ ಲೆಕ್ಕ

ಸೊಸೈಟಿಯ ಫಾರ್ಮಿನಲ್ಲಿ ಒಂಬತ್ತು ಕಾಲಂ ಉಂಟು.
ಬೀಜ: ಸೊನ್ನೆ. ಹೋದ ವರ್ಷದ ಸೌತೆಯದ್ದೇ,
ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಟ್ಟದ್ದು.
ಗೊಬ್ಬರ: ಮೀನಿನ ತಲೆ, ಮಲ್ಪೆಯಿಂದ,
ಬುಟ್ಟಿಗೆ ಅರವತ್ತು,
ಅಲೆವೂರಿಗೆ ರಿಕ್ಷಾ ಇನ್ನೂರು,
ವಾಸನೆಗೆಂದು ಮೇಲೆ ಇಪ್ಪತ್ತು ಕೇಳಿದ.

ನೀರು? ಬಾವಿ ನಮ್ಮದು.
ಪಂಪಿನ ಮೀಟರು ತಿರುಗುವುದು ಮೈದುನನ ಜಗಲಿಯಲ್ಲಿ.
ಅವನು ದುಡ್ಡು ಕೇಳುವುದಿಲ್ಲ,
ಅವನ ಹೆಂಡತಿ ಕೇಳದೆಯೇ ಎರಡು ಸೌತೆ ಒಯ್ಯುತ್ತಾಳೆ
ದಿನ ಬಿಟ್ಟು ದಿನ.
ಅದನ್ನೂ ಬರೆಸಿದೆ.

ನವಿಲು ಕುಕ್ಕಿದ್ದು ಯಾವ ಕಾಲಮ್ಮಿಗೆ?
ಗುಮಾಸ್ತ ಸುಗುಣಾಕರ ಪೆನ್ನು ಕಚ್ಚಿ, ಮಾಡು ನೋಡಿ,
'ಇತರೆ' ಎಂದ.

ಕೊನೆಯದು, ಸ್ವಂತ ದುಡಿಮೆ.
ದಿನಕ್ಕೆ ಎಷ್ಟು ಗಂಟೆ, ಸಂಪಾವತಿಯಕ್ಕ?
ಗಂಟೆಯಲ್ಲಿ ಗೊತ್ತಿಲ್ಲ ಮಾರಾಯ.
ಮೊದಲ ಬಸ್ಸಿನ ಹಾರನ್ನಿಗೆ ಗದ್ದೆಗಿಳಿದರೆ
ನೆರಳು ಕಾಲಡಿಗೆ ಬರುವವರೆಗೆ;
ಮತ್ತೆ ಸಂಜೆ, ಕೊಡಪಾನ ಕಾಣದಷ್ಟು ಕತ್ತಲಾಗುವವರೆಗೆ.

ಅವನು ಕೂಡಿಸಿದ, ಗೀಟು ಹಾಕಿದ, ಮತ್ತೆ ಕೂಡಿಸಿದ.
ಕೂಲಿ ಹಿಡಿದರೆ ಕಿಲೋಗೆ ಮೂವತ್ತೊಂದು ಬೀಳುತ್ತದೆ,
ಹಿಡಿಯದಿದ್ದರೆ ಹನ್ನೊಂದು.
ಅಂಗಡಿಯವರು ಕೊಡುವುದು ಹದಿನೆಂಟು.

ಅಂದರೆ
ನಾನು ಇದ್ದರೆ ಹದಿಮೂರು ನಷ್ಟ,
ಇಲ್ಲದಿದ್ದರೆ ಏಳು ಲಾಭ.

ಎಲ್ಲರೂ ಹನ್ನೊಂದೇ ಬರೆಸುವುದು, ಎಂದ ಸುಗುಣಾಕರ,
ಲೆಕ್ಕ ಚಂದ ಕಾಣುತ್ತದೆ.

ಪೆನ್ನು ಇಸಕೊಂಡು ನಾನೇ ಬರೆದೆ: ಮೂವತ್ತೊಂದು.
ಮೂರು ಸ್ವಲ್ಪ ಸೊಟ್ಟ ಬಂತು.

ಸಂಜೆ ಬಸ್ಸಿಳಿದ ಟೀಚರು
ಬುಟ್ಟಿಯೆದುರು ನಿಂತು ದರ ಕೇಳಿದರು.
ನಾಲಿಗೆಗೆ ಬಂದದ್ದು ಅದೇ.
ಅವರು ಕಾಯಿ ತಿರುಗಿಸಿ, ಪಟ್ಟೆ ನೋಡಿ,
ಮೂವತ್ತಕ್ಕೆ ಕೊಡಿ, ಚಿಲ್ಲರೆ ಇಲ್ಲ ಎಂದರು.

ಕೊಟ್ಟೆ.
ಆ ಒಂದು ರೂಪಾಯಿ 'ಇತರೆ',
ನವಿಲಿನ ಬಾಬ್ತು.